ಎಡಕ್ಕೆ ನೋಡುವ ಆನೆ

“ಗುರುಗಳೇ, ನೀವು ಹೇಳಿಕೊಡುವುದೆಲ್ಲ ಈಗ ಫೋನಿನಲ್ಲೇ ಸಿಗುತ್ತದೆ. ಮನೆಯಲ್ಲಿ ಕುಳಿತೇ ಕೇಳಬಹುದು. ಹಾಗಿರುವಾಗ ನಾನು ವಾರ ವಾರ ಬಸ್ಸು ಹತ್ತಿ ಇಲ್ಲಿಗೆ ಏಕೆ ಬರಬೇಕು?” ಎಂದು ಶಿಷ್ಯ ಕೇಳಿದ.

“ಫೋನಿನವರು ಚೆನ್ನಾಗಿ ಹೇಳುತ್ತಾರೆಯೇ?”

“ನಿಮಗಿಂತ ಚೆನ್ನಾಗಿ ಹೇಳುತ್ತಾರೆ. ಅರ್ಥವಾಗದಿದ್ದರೆ ಇನ್ನೊಂದು ಸಲ ಹಾಕಿಕೊಳ್ಳಬಹುದು. ಬೈಯುವುದೂ ಇಲ್ಲ.”

ಗುರುಗಳು ನಕ್ಕರು. “ಬಸ್ಸಿಗೆ ಇನ್ನೂ ಹೊತ್ತಿದೆ. ಕುಳಿತುಕೋ” ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹಳೆಯ ನಾಣ್ಯ ಕೂಡಿಸುವುದು ಅವನ ಹುಚ್ಚು. ಹೊಲಿಗೆಯಲ್ಲಿ ಉಳಿದ ಮಖಮಲ್ಲಿನ ತುಂಡಿಗೆ ಸಣ್ಣ ಸಣ್ಣ ಜೇಬು ಹೊಲಿದು ಒಂದೊಂದರಲ್ಲಿ ಒಂದೊಂದು ನಾಣ್ಯ ಇಟ್ಟಿದ್ದ. ಒಂದು ಜೇಬು ಮಾತ್ರ ಖಾಲಿ. ಅದರ ಪಕ್ಕದಲ್ಲಿ ಒಂದು ತಾಮ್ರದ ಕಾಸಿತ್ತು. ಕಾಸಿನ ಮೇಲೆ ಬಲಕ್ಕೆ ಮುಖ ಮಾಡಿ ನಿಂತ ಆನೆ. ಅದೇ ಕಾಸಿನಲ್ಲಿ ಎಡಕ್ಕೆ ಮುಖ ಮಾಡಿದ ಆನೆಯೂ ಉಂಟು ಎಂದು ದರ್ಜಿ ಕೇಳಿದ್ದ. ಎರಡನ್ನೂ ಎದುರೆದುರು ಇಟ್ಟು ನೋಡಬೇಕೆಂದು ಅವನ ಆಸೆ.

ಅಂಗಡಿ ಬಿಟ್ಟು ಏಳಲು ಅವನಿಗೆ ಆಗುತ್ತಿರಲಿಲ್ಲ. ಅವನ ಪರವಾಗಿ ಹುಡುಕುತ್ತಿದ್ದವನು ಅವನ ಗೆಳೆಯ, ಒಬ್ಬ ಕಲಾಯಿಗಾರ. ಊರೂರು ತಿರುಗಿ, ಬೀದಿಯಲ್ಲಿ ಒಲೆ ಹೂಡಿ, ಹಿತ್ತಾಳೆ ಪಾತ್ರೆಗಳ ಒಳಗೆ ತವರ ಬಳಿಯುವುದು ಅವನ ಕೆಲಸ. ಪಾತ್ರೆ ತಂದ ಹೆಂಗಸರನ್ನು “ತಾಯಿ, ಮನೇಲಿ ಹಳೇ ಕಾಸು ಇದೆಯಾ?” ಎಂದು ಕೇಳುತ್ತಿದ್ದ. ಸಂತೆಗಳಲ್ಲಿ ಗುಜರಿಯವರ ಬುಟ್ಟಿ ತಡಕುತ್ತಿದ್ದ. ಸಿಕ್ಕಿದ್ದನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಪ್ರತಿ ಬುಧವಾರ ದರ್ಜಿಯ ಅಂಗಡಿಗೆ ಬರುತ್ತಿದ್ದ. ಗಂಟು ಬಿಚ್ಚುತ್ತಿದ್ದ. ಟೀ ಬರುತ್ತಿತ್ತು. ಯಾವ ಊರಿನಲ್ಲಿ ಯಾರು ಜಗಳವಾಡಿದರು, ಯಾರ ಎಮ್ಮೆ ಕರು ಹಾಕಿತು, ಎಲ್ಲ ಹೇಳುತ್ತಿದ್ದ.

“ಅದೆಲ್ಲ ಇರಲಿ. ಆನೆ ಎಲ್ಲಿ?” ಎಂದು ದರ್ಜಿ ಕೇಳುತ್ತಿದ್ದ.

“ನಿನ್ನ ಆನೆಗೆ ಇನ್ನೂ ಹೆಣ್ಣು ಹುಡುಕ್ತಾನೇ ಇದ್ದೀನಿ, ಟೈಲರಣ್ಣ. ಜಾತಕ ಕೂಡಿ ಬರ್ತಿಲ್ಲ.”

ಹೀಗೆ ಇಬ್ಬರ ತಲೆಯೂ ನರೆಯಿತು. ಮನೆಮನೆಗೂ ಸ್ಟೀಲ್ ಪಾತ್ರೆ ಬಂತು. ಕಲಾಯಿಯ ಕೆಲಸ ನಿಂತಿತು. ಬುಧವಾರ ನಿಲ್ಲಲಿಲ್ಲ.

ಒಂದು ದಿನ ಪ್ಯಾಂಟು ಹೊಲಿಸಲು ಬಂದ ಗಿರಾಕಿ ಮಖಮಲ್ಲನ್ನು ನೋಡಿದ. ದರ್ಜಿಯ ಫೋನನ್ನು ತೆಗೆದುಕೊಂಡು, ನಾಣ್ಯ ಕೂಡಿಸುವವರ ಒಂದು ಗುಂಪಿಗೆ ಅವನನ್ನು ಸೇರಿಸಿಕೊಟ್ಟು ಹೋದ. ದರ್ಜಿ ತೆರೆದು ನೋಡಿದ. ಕಾಶಿಯವನು, ಕೊಯಮತ್ತೂರಿನವನು, ಸಮುದ್ರದ ಆಚೆಯವನು, ಎಲ್ಲರೂ ಅಲ್ಲಿದ್ದರು. ಎಲ್ಲರೂ ತಮ್ಮ ತಮ್ಮ ನಾಣ್ಯಗಳ ಫೋಟೋ ಹಾಕಿದ್ದರು. ಎಡಕ್ಕೆ ನೋಡುವ ಆನೆ ಅಲ್ಲಿ ಹಿಂಡು ಹಿಂಡಾಗಿತ್ತು. ಒಂದು ರವಿಕೆ ಹೊಲಿದ ಕೂಲಿಗೆ ಒಂದು ಆನೆ.

ದರ್ಜಿ ತರಿಸಿದ. ಪೋಸ್ಟಿನವನು ಬಾಗಿಲಿಗೇ ತಂದುಕೊಟ್ಟ. ದರ್ಜಿ ಎರಡು ಆನೆಗಳನ್ನೂ ಎದುರೆದುರು ಇಟ್ಟ. ಸ್ವಲ್ಪ ಹೊತ್ತು ನೋಡಿದ. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಹೊಲಿಗೆ ಯಂತ್ರದ ಮುಂದೆ ಹೋಗಿ ಕುಳಿತ.

ಕುಳಿತಾಗ ಒಂದು ಯೋಚನೆ ಬಂತು. ಲೋಕದಲ್ಲಿ ಇಷ್ಟೊಂದು ಆನೆಗಳಿವೆ. ಊರೂರು ತಿರುಗಿದವನಿಗೆ ಒಂದೂ ಸಿಕ್ಕಲಿಲ್ಲವೇ? ಸಿಕ್ಕಿರಬೇಕು. ಹೆಚ್ಚು ಕೊಟ್ಟವರಿಗೆ ಮಾರಿರಬೇಕು. ಇಲ್ಲವೇ ಅವನು ಹುಡುಕಿಯೇ ಇಲ್ಲ. ಒಂದು ಲೋಟ ಟೀಗಾಗಿ ಕತೆ ಕಟ್ಟಿದ್ದಾನೆ.

ಆ ಯೋಚನೆ ಬಂದ ಮೇಲೆ ದರ್ಜಿಗೆ ಊಟ ಸೇರಲಿಲ್ಲ. ಅವನಿಗೆ ಇದ್ದ ಗೆಳೆಯ ಕಲಾಯಿಗಾರನೊಬ್ಬನೇ. ಅವನು ಸುಳ್ಳನಾದರೆ ಅಷ್ಟೂ ಬುಧವಾರಗಳು ಸುಳ್ಳು.

ಬುಧವಾರ ಕಲಾಯಿಗಾರ ಬಂದ. ಗಂಟು ಬಿಚ್ಚಿದ. ಎದುರಿನ ಹೋಟೆಲಿನವನಿಗೆ ಟೀ ಹೇಳಲು ಅವನು ಬಾಗಿಲ ಕಡೆ ತಿರುಗಿ ಕೂಗಿದಾಗ, ದರ್ಜಿ ತನ್ನ ಎಡದ ಆನೆಯನ್ನು ಆ ನಾಣ್ಯಗಳ ನಡುವೆ ಸೇರಿಸಿದ. ಕಂಡದ್ದನ್ನು ಹೇಳುತ್ತಾನೋ, ಮುಚ್ಚಿಡುತ್ತಾನೋ ನೋಡಬೇಕಿತ್ತು. ಸುಳ್ಳು ಹೇಳುವವನ ಮುಖ ಹೇಗಿರುತ್ತದೆಂದು ತಿಳಿಯಲು ಅವನ ಮುಖವನ್ನೇ ನೋಡುತ್ತ ಕುಳಿತ. ಅಷ್ಟು ವರ್ಷ ದರ್ಜಿ ನೋಡಿದ್ದು ಗೆಳೆಯನ ಕರವಸ್ತ್ರವನ್ನು. ಮುಖವನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು.

ಕಲಾಯಿಗಾರ ನಾಣ್ಯಗಳನ್ನು ಒಂದೊಂದಾಗಿ ಎತ್ತಿ ಹೆಬ್ಬೆರಳಿನಲ್ಲಿ ಸವರಿದ. “ಇದು ತೂತಿನ ಕಾಸು. ಇದು ಅರ್ಧ ಆಣೆ. ಇದು ಆನೆ. ಇದೂ ಬಲದ್ದೇ, ನಿನ್ನ ಹತ್ತಿರ ಇದೆಯಲ್ಲ” ಎಂದು ಎಡದ ಆನೆಯನ್ನು ಪಕ್ಕಕ್ಕಿಟ್ಟ.

ಅವನ ಕಣ್ಣು ನಾಣ್ಯದ ಮೇಲಿರಲಿಲ್ಲ. ಬಾಗಿಲಿನ ಬೆಳಕಿನ ಕಡೆ ಇತ್ತು.

ಟೀ ಬಂತು. ದರ್ಜಿ ಲೋಟವನ್ನು ಎಂದಿನ ಜಾಗದಲ್ಲಿ ಇಡದೆ ಒಂದು ಗೇಣು ಆಚೆ ಇಟ್ಟ. ಕಲಾಯಿಗಾರನ ಕೈ ಎಂದಿನ ಜಾಗಕ್ಕೇ ಬಂತು. ಅಲ್ಲಿ ಲೋಟವಿರಲಿಲ್ಲ. ಕೈ ಅಲ್ಲೇ ನಿಂತಿತು.

“ಯಾವಾಗಿಂದ?” ಎಂದು ದರ್ಜಿ ಕೇಳಿದ.

“ಎರಡು ದೀಪಾವಳಿ ಆಯ್ತು. ಕಣ್ಣಿನ ನರ ಸೋತಿದೆ, ಇನ್ನು ಆಗಲ್ಲ ಅಂದರು ಡಾಕ್ಟರು. ಬೆಳಕು ಯಾವುದು, ಕತ್ತಲೆ ಯಾವುದು ತಿಳಿಯುತ್ತೆ, ಅಷ್ಟೇ. ಕಂಡಕ್ಟರು ಸ್ಟಾಪಿನಲ್ಲಿ ಇಳಿಸ್ತಾನೆ. ಅಲ್ಲಿಂದ ನಿನ್ನ ಮಿಷನ್ನಿನ ಸದ್ದು ಹಿಡಿದು ಬರ್ತೀನಿ.”

“ಕಣ್ಣು ಕಾಣದವನು ಸಂತೇಲಿ ಏನಯ್ಯಾ ಹುಡುಕ್ತೀಯ?”

“ಆನೆ ಅಂತ ಬೆರಳಿಗೆ ತಿಳಿಯುತ್ತೆ. ಸವೆದ ಕಾಸು, ಯಾವ ಕಡೆ ನೋಡ್ತಿದೆ ಅಂತ ತಿಳಿಯಲ್ಲ. ಸಿಕ್ಕಿದ್ದನ್ನೆಲ್ಲ ತರ್ತೀನಿ, ಬಲದ್ದು ಅಂದುಬಿಡ್ತೀನಿ. ಎಡದ್ದಾದರೆ ನೀನೇ ಎದ್ದು ಕುಣೀತೀಯಲ್ಲ.”

ದರ್ಜಿ ಲೋಟವನ್ನು ಅವನ ಕೈಗೆ ಕೊಟ್ಟ. “ನನಗೊಂದು ಮಾತು ಹೇಳಲಿಲ್ಲವಲ್ಲೋ.”

“ಹೇಳಿದ್ದರೆ ‘ಇನ್ನು ಬರಬೇಡ’ ಅಂತಿದ್ದೆ ನೀನು.”

ಪಕ್ಕಕ್ಕಿಟ್ಟಿದ್ದ ಆನೆಯನ್ನು ದರ್ಜಿ ಕೈಗೆ ತೆಗೆದುಕೊಂಡ. ಆ ಸದ್ದಿಗೆ ಕಲಾಯಿಗಾರ ಕಿವಿ ಕೊಟ್ಟ. “ಅದು ಬಲದ್ದೇ ತಾನೇ, ಟೈಲರಣ್ಣ?”

ಎಡದ್ದು ಸಿಕ್ಕಿತು ಎಂದಿದ್ದರೆ ಅವನು ಮಗುವಿನಂತೆ ನಗುತ್ತಿದ್ದ. ಆದರೆ ಮುಂದಿನ ಬುಧವಾರ ಅವನಿಗೆ ಬರಲು ಕಾರಣ ಇರುತ್ತಿರಲಿಲ್ಲ.

“ಬಲದ್ದೇ” ಎಂದು ದರ್ಜಿ ಹೇಳಿ ಕಾಸನ್ನು ಅಂಗಿಯ ಜೇಬಿಗೆ ಹಾಕಿಕೊಂಡ. “ಬರೋ ವಾರ ಇನ್ನೊಂದು ಸಂತೆ ನೋಡೋಣ. ನಾನೂ ಬರ್ತೀನಿ.”

“ಅಂಗಡಿ?”

“ಹರಿದ ಬಟ್ಟೆ ಎಲ್ಲಿಗೂ ಓಡಿಹೋಗಲ್ಲ.”

ಮುಂದಿನ ಬುಧವಾರ ದರ್ಜಿ ಅಂಗಡಿಯ ಬಾಗಿಲು ಎಳೆದ. ಇಬ್ಬರೂ ಬಸ್ಸು ಹತ್ತಿ ಸಂತೆಗೆ ಹೋದರು. ಕಾಸಿನ ಬುಟ್ಟಿ ಎಲ್ಲಿದೆ ಎಂದು ಕಲಾಯಿಗಾರನಿಗೆ ಗೊತ್ತಿತ್ತು. ಅಲ್ಲಿಗೆ ಹೋಗುವ ದಾರಿಯಲ್ಲಿ ಗುಂಡಿ ಎಲ್ಲಿದೆ ಎಂದು ದರ್ಜಿಗೆ ಕಾಣುತ್ತಿತ್ತು. ಗುಜರಿಯವರು ಕಲಾಯಿಗಾರನನ್ನು ಹೆಸರು ಹಿಡಿದು ಕರೆದರು. “ಇವರೇನೋ ಆ ಆನೆ ಟೈಲರ್?” ಎಂದು ದರ್ಜಿಯನ್ನು ನೋಡಿ ನಕ್ಕರು. ಎಲ್ಲ ಸಂತೆಗಳಲ್ಲೂ ತನಗೆ ಆ ಹೆಸರಿದೆ ಎಂದು ದರ್ಜಿಗೆ ಅಂದು ತಿಳಿಯಿತು. ಆಮೇಲಿನ ಬುಧವಾರವೂ ಹೋದರು. ಅದರ ಮುಂದಿನದಕ್ಕೂ ಹೋದರು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಶಿಷ್ಯ ಏಳಲಿಲ್ಲ.

“ಹಾಗಾದರೆ ಆ ಎಡದ ಆನೆ, ಗುರುಗಳೇ? ಅದು ಮಖಮಲ್ಲಿಗೆ ಮರಳಲೇ ಇಲ್ಲವೇ?”

“ಅಂಗಿಯ ಜೇಬಿನಲ್ಲೇ ಉಳಿಯಿತು, ಅದನ್ನು ತೆಗೆಯಬೇಕಾದ ಕೈ ಗೆಳೆಯನ ಕೈ ಹಿಡಿದಿತ್ತು.”