ಮರಕುಟುಕ ಹೇಳಿದ ಬರವಣಿಗೆಯ ಪಾಠ

ತೋಪಿನ ಮರಗಳ ಮೇಲೆ ಕೊಕ್ಕಿನಿಂದ ಬರೆದೇ ಬದುಕಿದ್ದ ಮುದಿ ಮರಕುಟುಕವೊಂದು, ಬರೆದು ಹೊಟ್ಟೆ ಹೊರೆಯುವುದು ಹೇಗೆಂದು ತೋಪಿನವರಿಗೆಲ್ಲ ಪಾಠ ಹೇಳುತ್ತಿತ್ತು.

“ನವಿಲನ್ನು ಹೊಗಳಿ ಬರೆಯಿರಿ, ಕಾಳು ಧಾರಾಳವಾಗಿ ಸಿಗುತ್ತದೆ. ಕಾಗೆಗಳ ಮದುವೆಯ ಕರೆಯೋಲೆಯನ್ನೂ ಬಿಡಬೇಡಿ,” ಎಂದಿತು.

“ಗುರುಗಳೇ, ನೀವು ಬರೆದದ್ದರಲ್ಲಿ ನಿಮಗೆ ಈಗಲೂ ನೆನಪಾಗುವುದು ಯಾವುದು?” ಎಂದು ಅಳಿಲು ಕೇಳಿತು.

ಮರಕುಟುಕದ ಕಣ್ಣು ತೋಪಿನಾಚೆಯ ಬಯಲಿನತ್ತ ಹೋಯಿತು.

“ಅಲ್ಲೊಂದು ಹುಣಸೆ ಮರವಿತ್ತು. ಹರೆಯದಲ್ಲಿ ಅದರ ಮೇಲೆ, ಮರಿಯನ್ನು ಕಳೆದುಕೊಂಡ ಜಿಂಕೆಯ ಕಥೆ ಬರೆದಿದ್ದೆ. ಆ ಜಿಂಕೆ ದಿನಾ ಸಂಜೆ ಬಂದು ಓದಿ, ಕಾಂಡಕ್ಕೆ ಹಣೆ ಒತ್ತಿ ನಿಲ್ಲುತ್ತಿತ್ತು. ಮರ ಬಿದ್ದುಹೋದ ಮೇಲೂ ಕೆಲವು ಸಂಜೆ ಬಂದಿತ್ತು.”

“ಅದಕ್ಕೆ ನಿಮಗೇನು ಸಿಕ್ಕಿತು?”

“ಏನೂ ಇಲ್ಲ. ಬರೆದ ದಿನ ಉಪವಾಸ ಮಲಗಿದ್ದೆ.”

“ಹಾಗಾದರೆ ಅಂಥದ್ದನ್ನು ನಾವು ಬರೆಯಬಾರದೇ?”

ಆ ದಿನದ ಹಸಿವು ಹೇಗಿತ್ತೆಂದು ಎಷ್ಟು ಯೋಚಿಸಿದರೂ ಮುದಿ ಹಕ್ಕಿಗೆ ನೆನಪಾಗಲಿಲ್ಲ. ತೊಗಟೆಗೆ ತಾಕುತ್ತಿದ್ದ ಜಿಂಕೆಯ ಬಿಸಿಯುಸಿರು ಮಾತ್ರ ನೆನಪಾಯಿತು.

“ನವಿಲಿಗಾಗಿ ಬರೆದು ಹೊಟ್ಟೆ ತುಂಬಿಸಿಕೊಳ್ಳಿ,” ಎಂದಿತು. “ಆದರೆ ಇಡೀ ಮರವನ್ನು ಅದಕ್ಕೇ ಕೊಡಬೇಡಿ. ಜಿಂಕೆಯ ಹಣೆ ತಾಕುವಷ್ಟು ಎತ್ತರದಲ್ಲಿ ಒಂದಿಷ್ಟು ತೊಗಟೆ ಖಾಲಿ ಉಳಿಸಿಕೊಳ್ಳಿ.”