ಹುರಿಯಣ್ಣನ ಪುಕ್ಕಟೆ ಊಟ

ಮಕ್ಕಳೇ, ಕಾಡಂಚಿನಲ್ಲಿ ಒಂದು ಕೆರೆ. ಕೆರೆಯ ಮೇಲೆ ಬಾಗಿದ ಒಂದು ಜಾಲಿಮರ. ಆ ಮರದ ಕೊಂಬೆಯಲ್ಲಿ ಹುರಿಯಣ್ಣ ಎಂಬ ಗೀಜಗ ಹಕ್ಕಿಯ ಗೂಡು ತೂಗಾಡುತ್ತಿತ್ತು. ಮೇಲೆ ಬೆಚ್ಚನೆಯ ಕೋಣೆ, ಕೆಳಗೆ ಕೊಳವೆಯಂತೆ ಇಳಿಬಿದ್ದ ಇಕ್ಕಟ್ಟಿನ ಬಾಗಿಲು. ಗೂಡಿನಲ್ಲಿ ಹೆಂಡತಿ ಸಿಂಬಿ ಇದ್ದಳು, ಎರಡು ಮರಿಗಳಿದ್ದವು. ಹುರಿಯಣ್ಣ ಮಾತ್ರ ಇರಲಿಲ್ಲ.

ಎಲ್ಲಿದ್ದ ಅಂತೀರಾ? ಕಂಪನಿಯಲ್ಲಿ!

ಕಾಡಿನ ನಡುವಿನ ಆಲದಮರದಲ್ಲಿ ಕರಿಮೂತಿಯ ಕೋತಿ, ಮುಸುವನೊಬ್ಬ ಹೊಸ ಕಂಪನಿ ತೆರೆದಿದ್ದ. ಮರದಿಂದ ಮರಕ್ಕೆ ಬಳ್ಳಿ ಎಳೆದು, ತುದಿಯಲ್ಲಿ ಒಣಕಾಯಿ ಕಟ್ಟುವುದು ಅವರ ಕೆಲಸ. ಈ ತುದಿ ಎಳೆದರೆ ಆ ತುದಿಯಲ್ಲಿ ಕಾಯಿ ಗಿಲಿಗಿಲಿ ಅನ್ನುತ್ತದೆ. ಒಂದು ಸಲ ಅಂದರೆ ಹಣ್ಣು ಮಾಗಿದೆ, ಎರಡು ಸಲ ಅಂದರೆ ಚಿರತೆ ಬಂದಿದೆ. ನಾಲ್ಕೇ ತಿಂಗಳಲ್ಲಿ ಇಡೀ ಕಾಡು, ಈ ಗಿಲಿಗಿಲಿ ಇಲ್ಲದೆ ನಮ್ಮ ಅಜ್ಜಂದಿರು ಹೇಗೆ ಬದುಕಿದರಪ್ಪಾ ಎಂದು ಆಶ್ಚರ್ಯಪಡತೊಡಗಿತು.

ಗಂಟು ಹಾಕುವುದರಲ್ಲಿ ಹುರಿಯಣ್ಣನನ್ನು ಮೀರಿಸುವವರಿರಲಿಲ್ಲ. ಹಾಗಾಗಿ ಎಲ್ಲಿ ಗಂಟು ಸಡಿಲವಾದರೂ ಅವನ ತಲೆಯ ಪಕ್ಕದ ಕಾಯಿಯೇ ಗಿಲಿಗಿಲಿ ಅನ್ನುತ್ತಿತ್ತು. ಬಾಯಲ್ಲಿದ್ದ ತುತ್ತು ನುಂಗುವ ಮೊದಲೇ ಹಾರಬೇಕಿತ್ತು.

ಆದರೆ ಮಕ್ಕಳೇ, ಆ ತುತ್ತಿದೆಯಲ್ಲ, ಅದರ ರುಚಿಯೇ ರುಚಿ! ನವಣೆ, ಸಾಮೆ, ಮಾಗಿದ ಅತ್ತಿಹಣ್ಣು. ಎಲ್ಲ ಪುಕ್ಕಟೆ. ಮೀಯಲು ನೀರಿನ ಹೊಂಡ, ಮಲಗಲು ಹತ್ತಿಯ ಹಾಸಿಗೆ.

"ಹೊಟ್ಟೆ ತುಂಬ ತಿನ್ನಿ, ಇಲ್ಲೇ ಮಲಗಿ. ಇದು ಕಂಪನಿಯಲ್ಲ, ಒಂದು ಕುಟುಂಬ!" ಎನ್ನುತ್ತಿದ್ದ ಮುಸುವ. ಹಾಗೆಂದವನು ಸಂಜೆಯಾಗುತ್ತಲೇ ತನ್ನ ಹೆಂಡತಿ ಮಕ್ಕಳಿರುವ ಮರಕ್ಕೆ ನೆಗೆದುಬಿಡುತ್ತಿದ್ದ.

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಸ್ವಭಾವ ನಮ್ಮ ಹುರಿಯಣ್ಣನದು. ಅವನ ಅಪ್ಪ ತೀರಿಕೊಂಡು ಎಷ್ಟೋ ಮಳೆಗಾಲ ಕಳೆದಿತ್ತು. ಆದ್ದರಿಂದ ಎರಡು ಪಾಲನ್ನೂ ಅವನೇ ತಿನ್ನುತ್ತಿದ್ದ.

ಒಂದು ದಿನ ಸಿಂಬಿಯೇ ಆಲದಮರಕ್ಕೆ ಬಂದಳು.

"ರೀ, ಮೊಟ್ಟೆ ಒಡೆದು ಮರಿ ಹೊರಬಂದಾಗಲೂ ನೀವು ಬರಲಿಲ್ಲ. ನಾಳೆ ಎರಡೂ ಮೊದಲ ಸಲ ಹಾರುತ್ತವೆ. ಮೊದಲ ಸಲ ಅನ್ನೋದು ಒಂದೇ ಸಲ ಬರೋದು. ಇದಕ್ಕಾದರೂ ಬರ್ತೀರೋ ಇಲ್ಲವೋ?"

"ಛೆ, ಏನಂತ ಕೇಳ್ತೀಯೆ! ಬಂದೇ ಬರ್ತೀನಿ. ಹೊತ್ತು ನೆತ್ತಿಗೇರುವ ಮೊದಲು ಮನೇಲಿರ್ತೀನಿ."

ಸಿಂಬಿ ಗಂಡನನ್ನು ಕೊಕ್ಕಿನಿಂದ ಬಾಲದವರೆಗೆ ನೋಡಿದಳು. "ಚೆನ್ನಾಗಿ ದುಂಡಗಾಗಿದ್ದೀರಿ."

"ಕೆಲಸದ ಒತ್ತಡ ಕಣೆ," ಎಂದು ಹುರಿಯಣ್ಣ ಇನ್ನೊಂದು ಅತ್ತಿಹಣ್ಣು ಬಾಯಿಗೆ ಹಾಕಿಕೊಂಡ.

ಮರುದಿನ ಬೆಳಿಗ್ಗೆ ಎಂದಿನಂತೆ ಮೀಟಿಂಗು. ಕೂತರೆ ಮಾತು ಬೆಳೆಯುತ್ತದೆಂದು ಎಲ್ಲರೂ ಒಂಟಿಕಾಲಲ್ಲಿ ನಿಂತೇ ಮಾತಾಡಬೇಕೆಂಬುದು ಮುಸುವ ಮಾಡಿದ ನಿಯಮ. ಆದರೆ ಮೀಟಿಂಗು ನಡೆಸುವ ಕೆಲಸವನ್ನು ಅವನು ಒಪ್ಪಿಸಿದ್ದು ಕೊಕ್ಕರೆಗೆ! ಅದಕ್ಕೇನು, ಒಂಟಿಕಾಲಲ್ಲಿ ಸಂಜೆಯವರೆಗೂ ನಿಂತೀತು. ನಿನ್ನೆ ಎಷ್ಟು ಗಂಟು, ಇವತ್ತು ಎಷ್ಟು ಗಂಟು, ನಾಳೆ ಏಕೆ ಇನ್ನೂ ಹೆಚ್ಚು ಗಂಟಾಗಬಾರದು ಎಂದು ಅದು ಕೊರೆಯುತ್ತಲೇ ಇತ್ತು. ಮೀಟಿಂಗು ಮುಗಿಯುವಷ್ಟರಲ್ಲಿ ಬಿಸಿಲೇರಿತ್ತು. ಹೊರಡಬೇಕೆಂದು ಹುರಿಯಣ್ಣ ರೆಕ್ಕೆ ಬಿಚ್ಚಿದ. ಅಷ್ಟರಲ್ಲಿ ಹೊಸ ನವಣೆಯ ತೆನೆ ಬಂತು. ಒಂದೇ ಒಂದು ತೆನೆ ಎಂದು ಕೂತವನು ಏಳನೆಯದನ್ನು ಮುಗಿಸಿ ತಲೆಯೆತ್ತಿದರೆ, ಹೊತ್ತು ನೆತ್ತಿ ದಾಟಿಬಿಟ್ಟಿತ್ತು.

ಏದುಸಿರು ಬಿಡುತ್ತ ಜಾಲಿಮರಕ್ಕೆ ಬಂದ. ಸಿಂಬಿ ಕೊಂಬೆಯ ಮೇಲೆ ಕೂತು ದಾರಿ ಕಾಯುತ್ತಿದ್ದಳು. ಅವಳಿಗೆ ಮುಖ ತೋರಿಸಲು ನಾಚಿಕೆಯಾಗಿ, ನೇರ ಗೂಡಿನ ಬಾಗಿಲಿಗೆ ನುಗ್ಗಿದ. ತಲೆ ಹೋಯಿತು. ಕುತ್ತಿಗೆ ಹೋಯಿತು. ಹೊಟ್ಟೆ ಹೋಗಲಿಲ್ಲ! ಹಿಂದೆ ಬರೋಣವೆಂದರೆ ಅದೂ ಆಗಲಿಲ್ಲ.

"ಅಮ್ಮಾ, ಯಾರೋ ದಪ್ಪ ಮಾವ ಬಾಗಿಲಲ್ಲಿ ಸಿಕ್ಕಿಕೊಂಡಿದ್ದಾರೆ!" ಎಂದು ಒಳಗಿನಿಂದ ಮರಿಯೊಂದು ಕೂಗಿತು.

"ಮಾವ ಅಲ್ಲ ಕಂದಾ, ನಾನು ನಿಮ್ಮಪ್ಪ!"

"ಸುಳ್ಳು! ನಮ್ಮಪ್ಪ ಕಂಪನೀಲಿದ್ದಾರೆ. ಅವರು ಮನೆಗೆ ಬರೋದಿಲ್ಲ."

ಹುರಿಯಣ್ಣನಿಗೆ ಅಷ್ಟು ದಿನ ತಿಂದದ್ದೆಲ್ಲ ಗಂಟಲಿಗೆ ಬಂದಂತಾಯಿತು.

ಅದೇ ಹೊತ್ತಿಗೆ ಬಳ್ಳಿ ಹಿಡಿದು ತೂಗುತ್ತ ಮುಸುವ ಬಂದ. ಹೊರಗೆ ಕಾಣುತ್ತಿದ್ದುದು ಬಾಲವೊಂದೇ. ಅದರ ಜೊತೆಯಲ್ಲೇ ಮಾತಿಗಿಳಿದ. "ಹುರಿಯಣ್ಣಾ, ಆಚೆ ದಡದ ಗಂಟು ಬಿಚ್ಚಿದೆ! ಒಂದೇ ನಿಮಿಷದ ಕೆಲಸ, ಬಂದುಬಿಡಿ!"

"ನಿಮ್ಮ ಒಂದು ನಿಮಿಷ ಮುಗಿಯೋ ಹೊತ್ತಿಗೆ ನನ್ನ ಮಕ್ಕಳಿಗೇ ಮಕ್ಕಳಾಗುತ್ತವೆ!" ಎಂದು ಸಿಂಬಿ ಸಿಡುಕಿದಳು. ಆಮೇಲೆ ಗೂಡಿನತ್ತ ತಿರುಗಿ, "ಮಕ್ಕಳೇ, ಅವರ ತಲೆಯ ಮೇಲೆ ಕಾಲಿಟ್ಟು ತಳ್ಳಿ! ಒಂದು, ಎರಡು, ಮೂರು!" ಎಂದಳು.

ಮರಿಗಳು ಇದ್ದ ಬಲವನ್ನೆಲ್ಲ ಹಾಕಿ ತಳ್ಳಿದವು. ಪುಸಕ್ಕನೆ ಬಿರಡೆ ಕಿತ್ತಂತಾಗಿ ಹುರಿಯಣ್ಣ ಕೆರೆಯಂಚಿನ ಕೆಸರಿಗೆ ಬಿದ್ದ. ತಳ್ಳಿದ ರಭಸಕ್ಕೆ ಮರಿಗಳೂ ಅವನ ಹಿಂದೆಯೇ ಹೊರಬಿದ್ದವು. ಬಿದ್ದವು, ಹೆದರಿದವು, ರೆಕ್ಕೆ ಬಡಿದವು. ಇನ್ನೇನು ನೀರಿಗೆ ತಾಗಬೇಕು, ಅಷ್ಟರಲ್ಲಿ ಹಾರಿಯೇಬಿಟ್ಟವು!

"ರೆಕ್ಕೆ ಅಗಲಿಸು ಕಂದಾ! ಹಾಗೆ! ಹಾಗೇ!" ಎಂದು ಕೆಸರಿನಲ್ಲಿ ಕುಣಿಯುತ್ತ ಹುರಿಯಣ್ಣ ಕೂಗಿದ. ನಗುತ್ತಲೂ ಇದ್ದ, ಅಳುತ್ತಲೂ ಇದ್ದ.

ಒಂದು ಸುತ್ತು ಹಾರಿಬಂದ ಚಿಕ್ಕ ಮರಿ ಅವನ ಪಕ್ಕ ಇಳಿದು ಕೇಳಿತು. "ನೋವಾಯ್ತಾ, ಅಪ್ಪಾ?"

ಆ ಒಂದು ಮಾತಿಗೆ ಹುರಿಯಣ್ಣನಿಗೆ ಬೇರೇನೂ ಬೇಡವೆನಿಸಿತು.

"ಹುರಿಯಣ್ಣಾ, ಗಂಟು..." ಎಂದ ಮುಸುವ.

"ನಾಳೆ ಬರ್ತೀನಿ ಸ್ವಾಮಿ. ಬುತ್ತಿ ಮನೆಯಿಂದ ತರ್ತೀನಿ, ಸಂಜೆಗೆ ಮನೆಗೆ ಹೊರಡ್ತೀನಿ."

"ಹಾಗಾದರೆ ಇವತ್ತಿನ ಗಂಟು ಹಾಕೋರು ಯಾರು?"

"ನಾನು ಇಷ್ಟು ದಿನ ಹಾಕಿದ್ದು ಒಂದು ಕೊಕ್ಕಿನಿಂದ. ನಿಮಗೆ ಎರಡು ಕೈಯಿವೆಯಲ್ಲ!"

ಮುಸುವ ತನ್ನ ಕೈಗಳನ್ನು ಎತ್ತಿ, ಅವು ಯಾರದೋ ಎನ್ನುವಂತೆ ತಿರುಗಿಸಿ ತಿರುಗಿಸಿ ನೋಡಿಕೊಂಡ.

ನೀತಿ: ಮನೆಯನ್ನು ಮರೆಸಲು ಬಡಿಸಿದ ಊಟ ಪುಕ್ಕಟೆಯಲ್ಲ, ಉಣ್ಣುವವನು ಒಬ್ಬ, ಬೆಲೆ ತೆರುವವರು ಮನೆಮಂದಿ.