ದೊಡ್ಡತಾಯಿ ಹೊಸ್ತಿಲು ದಾಟಿದ್ದು

ಕಾಲು ಚಾಚಿ ಮಲಕ್ಕೊ ಪುಟ್ಟಾ. ಹೂಂ ಅಂತಿರಬೇಕು, ಇಲ್ಲಾಂದ್ರೆ ಕತೆ ಅರ್ಧಕ್ಕೇ ಎದ್ದು ಹೋಗುತ್ತೆ. ನನ್ನಜ್ಜಿಗೆ ಇನ್ನೂ ಹಾಲುಹಲ್ಲು ಇದ್ದ ಒಂದು ಕಾಲದಲ್ಲಿ, ಒಂದೂರಲ್ಲಿ ದೊಡ್ಡತಾಯಿ ಅಂತ ಒಬ್ಬಳು ಸೂಲಗಿತ್ತಿ ಇದ್ದಳಂತೆ. ಸೂಲಗಿತ್ತಿ ಅಂದ್ರೆ ಹೆರಿಗೆ ಮಾಡಿಸೋಳು. ಊರಿನ ಮಕ್ಕಳೆಲ್ಲ ಮೊದಲು ಬಂದಿದ್ದು ಅವಳ ಕೈಗೇ. ಮಗು ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ ಹೊಸ್ತಿಲಿಗೆ ಅರಿಶಿನ ಕುಂಕುಮ ಇಟ್ಟು, ಹೋಳಿಗೆ ಮಾಡಿ, ದೊಡ್ಡತಾಯೀನ ಕರೆದು ಮಗೂನ ಅವಳ ತೊಡೆ ಮೇಲೆ ಕೂರಿಸೋರಂತೆ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ, ಊರ ಕೂಸುಗಳೇ ಅವಳ ಸಂಸಾರ.

ಆಮೇಲೆ ವಯಸ್ಸಾಯ್ತಂತೆ, ಮಂಡಿ ಸೋತವಂತೆ. ಒಂದಿನ ಬಚ್ಚಲ ಪಾಚಿ ಮೇಲೆ ಜಾರಿ ಬಿದ್ದಳು. ಮೊಣಕೈ ಊದಿದ್ದು ನೋಡಿ ಏನಜ್ಜಿ ಅಂದ್ರೆ, ಕಡಜ ಕಚ್ತು ಕಣವ್ವ ಅಂದಳಂತೆ. ಆಮೇಲೆ ಇನ್ನೊಂದಿನ ಚಾಪೆ ಅಂಚು ಕಾಲಿಗೆ ತೊಡರಿ ಬಿದ್ದಳು. ಹಣೆ ಮೇಲಿನ ಬುಗುಟು ಕೇಳಿದರೆ, ಬೆಕ್ಕು ಅಡ್ಡ ಬಂತು ಅಂದಳಂತೆ. ಪಾಪ, ಅವಳ ಮನೇಲಿ ಬೆಕ್ಕೇ ಇರಲಿಲ್ಲ! ಬಡಗಿ ಮುದ್ದಾಚಾರಿ ಒಂದು ಊರುಗೋಲು ಮಾಡಿ ಬಾಗಿಲಿಗೆ ಒರಗಿಸಿ ಹೋದ. ಅವಳು ಅದನ್ನ ಸೌದೆ ನಡುವೆ ಬಚ್ಚಿಟ್ಟಳಂತೆ. ಯಾಕೆ ಗೊತ್ತಾ? ಕೋಲು ಹಿಡಿದ ಮುದುಕಿ ಕೈಗೆ ಯಾರು ಹಸುಗೂಸು ಕೊಡ್ತಾರೆ ಅನ್ನೋ ಭಯ.

ಆಮೇಲೆ ಯಾರಾದರೂ ಕರೆಯೋಕೆ ಬಂದ್ರೆ, ನಡೆಯೋಕೂ ಆಗದೆ, ಹೇಳ್ಕೊಳ್ಳೋಕೂ ಆಗದೆ, ಕದ ಹಾಕ್ಕೊಂಡು ಒಳಗೆ ಸದ್ದಿಲ್ಲದೆ ಕೂತಿರೋಳಂತೆ. ಜನ ಕದ ತಟ್ಟಿ, ಪಕ್ಕದೂರಿಗೆ ಹೆರಿಗೆಗೆ ಹೋಗಿರಬೇಕು ಬಿಡು ಅಂತ ತಿರುಗಿ ಹೋಗೋರು. ಸೂಲಗಿತ್ತಿ ಮನೆ ಕದ ಹಾಕಿದ್ರೆ ಇನ್ನೇನು ಅಂದ್ಕೋತಾರೆ ಹೇಳು. ಕೊನೆಗೆ ತಟ್ಟೋದೂ ನಿಂತುಹೋಯ್ತು. ಅವಳು ಕದಕ್ಕೆ ಕಿವಿಯಿಟ್ಟು, ಎದುರು ಮನೆ ಸಾಕಿಯ ಕೂಸು ಅಳೋದು ಕೇಳ್ತಾ, ಇದು ಹಸಿವಿನ ಅಳು, ಇದು ನಿದ್ದೆ ಅಳು ಅಂತ ತನಗೆ ತಾನೇ ಹೇಳ್ಕೊಳ್ಳೋಳಂತೆ. ಎಷ್ಟು ಒಂಟಿಯಾಗಿದ್ದಳು ಅಂದ್ರೆ, ಒಂದೊಂದು ಸಲ ತನ್ನ ದನಿಗೆ ತಾನೇ ಬೆಚ್ಚಿಬೀಳೋಳಂತೆ.

ಆಮೇಲೆ ಒಂದಿನ ಎದುರು ಮನೇಲಿ ಗಲಾಟೆಯೋ ಗಲಾಟೆ. ಸಾಕಿಯ ಕೂಸು ಹೊಸ್ತಿಲು ದಾಟಿತ್ತು. ದೊಡ್ಡತಾಯಿಗೆ ತಡೆಯೋಕೆ ಆಗಲಿಲ್ಲ. ಒಳ್ಳೆ ಸೀರೆ ಉಟ್ಟು, ಕೋಲನ್ನ ಸೌದೇಲೇ ಬಿಟ್ಟು, ಕದ ತೆಗೆದು ಕಾಲೆತ್ತಿದಳು. ಕಾಲು ಮೇಲೇಳಲಿಲ್ಲ. ತನ್ನ ಹೊಸ್ತಿಲಿಗೇ ಎಡವಿ ಒಳಗೇ ಕುಸಿದಳಂತೆ. ಎದುರು ಮನೆಯಿಂದ ಹೋಳಿಗೆ ಬೇಯೋ ವಾಸನೆ ಬರ್ತಿತ್ತು. ದೊಡ್ಡತಾಯಿ ಊರಲ್ಲಿಲ್ಲ, ಇದ್ದಿದ್ರೆ ಬಾರದೆ ಇರ್ತಿದ್ಳಾ ಅಂತ ಯಾರೋ ಅಂದಿದ್ದೂ ಕೇಳಿಸ್ತು. ಇದ್ದೀನಿ ಕಣ್ರೋ ಅಂದಳಂತೆ. ಆ ದನಿ ಬೀದಿ ದಾಟಲಿಲ್ಲ.

ಹೂಂ ಅನ್ನು. ಆ ಕೂಸಿತ್ತಲ್ಲ, ಒಂದು ಹೊಸ್ತಿಲು ದಾಟಿದ ಜಂಬಕ್ಕೆ ಇನ್ನೊಂದೂ ದಾಟೋಣ ಅಂತ, ಅರಿಶಿನದ ಕೈಯಲ್ಲೇ ಅಂಬೆಗಾಲಿಟ್ಟು ಬೀದಿ ದಾಟಿ ಇವಳ ಬಾಗಿಲಿಗೇ ಬಂತಂತೆ. ಹಿಂದೇನೇ ಸಾಕಿ ಓಡಿಬಂದಳು. ನೋಡಿದರೆ ದೊಡ್ಡತಾಯಿ ನೆಲದ ಮೇಲೆ! ಎತ್ತಿ ಕೂರಿಸಿ, ಊರಲ್ಲೇ ಇದ್ಯಲ್ಲಜ್ಜಿ, ಯಾಕಿಂಗೆ ಮಾಡ್ದೆ ಅಂದ್ರೆ, ಅವಳು ಕೋಲಿನ ಭಯ ಎಲ್ಲ ಹೇಳ್ಕೊಂಡು ಅತ್ತಳಂತೆ. ಸಾಕಿ ಕೂಸನ್ನ ತಂದು ಅವಳ ತೊಡೆ ಮೇಲೆ ಕೂರಿಸಿ, ಆಮೇಲೆ ಚೆನ್ನಾಗಿ ಬೈದಳು. ನಡೆಯೋಕೆ ಕಲಿಯೋ ಮಗೂಗೆ ತಳ್ಕೊಂಡು ಹೋಗೋಕೆ ಮೂರು ಗಾಲಿ ಗಾಡಿ ಮಾಡಿಸ್ಕೊಡಿ ಅಂತ ಊರಿಗೆಲ್ಲ ಹೇಳೋಳು ನೀನು, ಮಕ್ಕಳಿಗಿಲ್ಲದ ನಾಚಿಕೆ ನಿನಗ್ಯಾಕಜ್ಜಿ ಅಂದಳಂತೆ.

ಆಮೇಲೆ ಮುದ್ದಾಚಾರಿ ಮಕ್ಕಳ ಗಾಡಿ ಥರದ್ದೇ ಒಂದು, ಅವಳ ಸೊಂಟದೆತ್ತರಕ್ಕೆ ಮಾಡಿದ. ಹೊಸ್ತಿಲ ಎರಡೂ ಕಡೆ ಹಲಗೆ ಇಳಿಜಾರಾಗಿ ಹೊಡೆದ. ಹೆಂಗಸರು ಬಚ್ಚಲ ಪಾಚಿ ಉಜ್ಜಿದರು. ದೊಡ್ಡತಾಯಿ ಗಾಡಿ ತಳ್ಕೊಂಡು ಮೆಲ್ಲಗೆ ಹೊರಗೆ ಬಂದು ನೋಡ್ತಾಳೆ, ತನ್ನ ಹೊಸ್ತಿಲಿಗೆ ಅರಿಶಿನ ಕುಂಕುಮ, ಸಾಕಿ ಕೈಯಲ್ಲಿ ಬಿಸಿ ಹೋಳಿಗೆ! ಯಾರ ಕೂಸು ದಾಟ್ತವ್ವ ಅಂತ ಕೇಳಿದಳಂತೆ. ನಮ್ಮ ದೊಡ್ಡತಾಯಿ ದಾಟಿದ್ಲು ಅಂದಳಂತೆ ಸಾಕಿ.

ಅವಳು ಅಲ್ಲೇ ನಿಂತು ಹೋಳಿಗೆ ತಿಂದಳು, ನನ್ನ ಕತೇನೂ ಅಲ್ಲಿಗೇ ನಿಂತಿತು. ನಿದ್ದೆ ಬಂತಾ? ತಾಳು, ಬೀರು ಹಿಂದೆ ನನ್ನ ಕೋಲಿದೆ, ತಂದು ಈ ಮಂಚದ ಪಕ್ಕ ಇಟ್ಟು ಮಲಕ್ಕೊ. ಬಚ್ಚಿಟ್ಟಿದ್ದು ನಾನೇ ಅಂತ ನಿಮ್ಮಮ್ಮಂಗೆ ಹೇಳಬೇಡ.